ಪ್ಯಾರಾಮೆಡಿಕ್ ತರಬೇತಿಗೂ ಪರವಾನಗಿ ಪರೀಕ್ಷೆಗೂ ವಿಆರ್: ಕೋಲಾರ ಸೀಮೆಯ ಸಂಸ್ಥೆಗಳಿಗೊಂದು ಮಾರ್ಗದರ್ಶಿ

ಪ್ಯಾರಾಮೆಡಿಕಲ್ ಕಾಲೇಜೊಂದು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕೃತಕ ದೃಶ್ಯ ತೋರಿಸುವ ಸಾಧನ, ಕೊಳ್ಳುವ ಮೊದಲು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು. ಇದರಿಂದ ವಿದ್ಯಾರ್ಥಿಯ ಕೈ ಪಳಗಿದೆಯೇ ಎಂದು ನೋಡುತ್ತೇವೆಯೋ, ಅವರ ವಿವೇಚನೆ ಪಳಗಿದೆಯೇ ಎಂದು ನೋಡುತ್ತೇವೆಯೋ? ಎರಡನ್ನೂ ಬೆರೆಸಿದರೆ ತರಬೇತಿಯೂ ಕೆಡುತ್ತದೆ, ಪರೀಕ್ಷೆಯೂ ನ್ಯಾಯ ತಪ್ಪುತ್ತದೆ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು 108 ಆರೋಗ್ಯ ಕವಚ ಸೇವೆ ಆರಂಭವಾಯಿತು. ಆ ಆಂಬುಲೆನ್ಸ್‌ನಲ್ಲಿ ಪೈಲಟ್ ಎಂದು ಕರೆಯಲಾಗುವ ಚಾಲಕರೊಬ್ಬರು, ಚಿಕಿತ್ಸೆ ನೋಡಿಕೊಳ್ಳುವ ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ಒಬ್ಬರು ಇರುವುದು ರೂಢಿ. ಮುಳಬಾಗಿಲಿನ ಗಡಿ ಹಳ್ಳಿಯಲ್ಲಾಗಲಿ, ಬಾಗೇಪಲ್ಲಿಯ ತಾಂಡಾದಲ್ಲಾಗಲಿ, ಪಾವಗಡದ ಬಯಲಿನಲ್ಲಾಗಲಿ ರೋಗಿಯ ಮುಂದೆ ನಿಂತು ಮುಂದೇನು ಮಾಡಬೇಕೆಂದು ನಿರ್ಧರಿಸಬೇಕಾದವರು ಆ ಒಬ್ಬರೇ. ಹಾಗೆ ನಿರ್ಧರಿಸುವುದನ್ನು ಯಾರಿಗೂ ಅಪಾಯವಾಗದಂತೆ, ಎಷ್ಟು ಸಲ ಬೇಕಾದರೂ ಅಭ್ಯಾಸ ಮಾಡಿಸಲು ವಿಆರ್ ಒಳ್ಳೆಯ ಸಾಧನ. ಸೂಜಿ ಚುಚ್ಚುವುದನ್ನು ಕಲಿಸಲು ಅದು ಸಾಧನವೇ ಅಲ್ಲ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ವ್ಯತ್ಯಾಸವನ್ನು ಆಧರಿಸಿಯೇ ಇವೆ.

ಮೊದಲ ಹೆಜ್ಜೆ: ಅಧಿಕಾರದ ಮಿತಿಯನ್ನು ತಿಳಿದುಕೊಳ್ಳುವುದು

ಸಂಸ್ಥೆಯೊಂದು ತನ್ನಷ್ಟಕ್ಕೆ ತಾನೇ ಪರವಾನಗಿ ಕೊಡಲಾಗದು. ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆಯು ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಮತ್ತು ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್ ವೃತ್ತಿಗಳನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. ರಾಜ್ಯ ಪರಿಷತ್ತುಗಳಿಗೂ, ವೃತ್ತಿನಿರತರ ನೋಂದಣಿಗೂ, ನಿರ್ಗಮನ ಅಥವಾ ಪರವಾನಗಿ ಪರೀಕ್ಷೆಗೂ ಅದರಲ್ಲಿ ಅವಕಾಶವಿದೆ. ಆದ್ದರಿಂದ ಕಾಲೇಜು ವಿಆರ್ ಅಂಕಗಳನ್ನು ಆಂತರಿಕ ಮೌಲ್ಯಮಾಪನವಾಗಿ, ಪರವಾನಗಿ ಪರೀಕ್ಷೆಗೆ ಕೂರಿಸುವ ಮುನ್ನ ನಡೆಸುವ ಸಿದ್ಧತಾ ಪರೀಕ್ಷೆಯಾಗಿ ಬಳಸಬೇಕು. ಮಂಡಳಿ ಅಥವಾ ವಿಶ್ವವಿದ್ಯಾಲಯ ನಡೆಸುವ ಪ್ರಾಯೋಗಿಕ ಪರೀಕ್ಷೆಗೆ ಇದು ಬದಲಿ ಎಂದು ವಿದ್ಯಾರ್ಥಿಗಳಿಗೆ ಹೇಳಬಾರದು.

ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ ತುರ್ತು ಚಿಕಿತ್ಸಾ ಸಿಬ್ಬಂದಿಗೆ ರಾಷ್ಟ್ರಮಟ್ಟದಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಎನ್‌ಆರ್‌ಇಎಂಟಿ ಸಂಸ್ಥೆಯು ಪ್ಯಾರಾಮೆಡಿಕ್‌ಗಳಿಗೆ ಪ್ರತ್ಯೇಕವಾಗಿ ನಡೆಸುತ್ತಿದ್ದ ಕೈಕೌಶಲದ ಪರೀಕ್ಷೆಯನ್ನು 2024ರ ಜೂನ್ ಕೊನೆಗೆ ನಿಲ್ಲಿಸಿತು. ಈಗ ಕಂಪ್ಯೂಟರ್ ಪರೀಕ್ಷೆಯಲ್ಲಿಯೇ ರೋಗಿಯ ಸ್ಥಿತಿ ಕುರಿತ ವಿವೇಚನೆಯನ್ನು ಅಳೆಯಲಾಗುತ್ತದೆ. ಕೈ ಪಳಗಿದೆ ಎಂದು ಖಾತರಿಪಡಿಸುವ ಹೊಣೆ ತರಬೇತಿ ಕೊಟ್ಟ ಸಂಸ್ಥೆಯ ಮೇಲಿದೆ. ಎರಡು ಸಾಮರ್ಥ್ಯಗಳನ್ನು ಬೇರೆ ಬೇರೆಯಾಗಿ ಅಳೆಯುವ ಈ ಪದ್ಧತಿ ನಮಗೂ ಹೊಂದುತ್ತದೆ.

ಎರಡನೆಯ ಹೆಜ್ಜೆ: ಯಾವುದು ಹೆಡ್‌ಸೆಟ್‌ಗೆ, ಯಾವುದು ಮ್ಯಾನಿಕಿನ್‌ಗೆ

ಪಠ್ಯಕ್ರಮದ ಕೌಶಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆಯೂ ಇದನ್ನು ಮಾಡಲು ಬೆರಳಿಗೆ ಸ್ಪರ್ಶ ಬೇಕೇ ಎಂಬ ಪ್ರಶ್ನೆ ಕೇಳಿಕೊಳ್ಳಿ. ಬೇಕು ಎಂದಾದರೆ ಅದು ಮ್ಯಾನಿಕಿನ್‌ನ, ಅಂದರೆ ತರಬೇತಿಗೆ ಬಳಸುವ ಮನುಷ್ಯಾಕಾರದ ಗೊಂಬೆಯ ಪಾಲು. ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನ ಎದೆ ಒತ್ತುವಿಕೆಯನ್ನೇ ನೋಡಿ: ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳುವಂತೆ ಒತ್ತಬೇಕು. ಕಂಟ್ರೋಲರ್ ಹಿಡಿದು ಗಾಳಿಯಲ್ಲಿ ಒತ್ತಿದವರಿಗೆ ವೇಗ ಗೊತ್ತಾಗಬಹುದೇ ಹೊರತು ಪಕ್ಕೆಲುಬಿನ ಪ್ರತಿರೋಧವೂ ಎರಡು ನಿಮಿಷದಲ್ಲಿ ಬರುವ ತೋಳಿನ ದಣಿವೂ ಗೊತ್ತಾಗುವುದಿಲ್ಲ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್‌ನ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂಬುದು, ರಕ್ತನಾಳ ಹುಡುಕಿ ಕ್ಯಾನುಲಾ ಹಾಕುವುದು, ಗಂಟಲಿಗೆ ಟ್ಯೂಬ್ ಇಳಿಸುವುದು, ಮುರಿದ ತೊಡೆಗೆ ಸ್ಪ್ಲಿಂಟ್ ಕಟ್ಟುವುದು, ಸ್ಟ್ರೆಚರ್ ಎತ್ತುವುದು ಇವೆಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಹೆಡ್‌ಸೆಟ್‌ನ ಮೂಲಕ ಹೊರಗಿನ ನಿಜವಾದ ಮ್ಯಾನಿಕಿನ್ ಕಾಣುವಂತೆ ಜೋಡಿಸುವ ಮಿಶ್ರ ಪದ್ಧತಿಯೂ ಇದೆ. ಆದರೆ ಮೊದಲ ವರ್ಷದಲ್ಲೇ ಅದಕ್ಕೆ ಕೈ ಹಾಕುವುದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕಾಣುವ ಎದೆಗೂ ಕೈಗೆ ಸಿಗುವ ಎದೆಗೂ ಎರಡು ಬೆರಳು ಅಂತರ ಬಂದರೂ ಅಭ್ಯಾಸವೇ ತಪ್ಪಾಗಿ ಕೂರುತ್ತದೆ.

ಹೆಡ್‌ಸೆಟ್‌ಗೆ ಉಳಿಯುವುದು ಬೆಲೆಬಾಳುವ ಭಾಗ: ಸ್ಥಳ ಸುರಕ್ಷಿತವೇ ಎಂದು ಗಮನಿಸುವುದು, ಹಲವು ಗಾಯಾಳುಗಳಲ್ಲಿ ಮೊದಲು ಯಾರು ಎಂದು ವಿಂಗಡಿಸುವುದು, ಕೇಳಬೇಕಾದ ಪ್ರಶ್ನೆಯನ್ನು ಕೇಳುವುದು, ಮಾನಿಟರ್‌ನ ಅಂಕಿ ಬದಲಾದಾಗ ಯೋಚನೆಯನ್ನೂ ಬದಲಾಯಿಸುವುದು, ಯಾವ ಆಸ್ಪತ್ರೆಗೆ ಒಯ್ಯಬೇಕೆಂದು ನಿರ್ಧರಿಸುವುದು, ಫೋನಿನಲ್ಲಿ ವೈದ್ಯರಿಗೆ ಚುಟುಕಾಗಿ ವರದಿ ಒಪ್ಪಿಸುವುದು. ಸ್ಟಾರ್ಟ್ ಎಂಬ ಪದ್ಧತಿಯ ವಿಂಗಡಣೆಯಲ್ಲಿ ನಡೆದಾಡುವವರನ್ನು ಹಸಿರು (ಅಷ್ಟು ತುರ್ತಿಲ್ಲದ) ಗುಂಪಿಗೆ ಕಳುಹಿಸಿ, ಉಳಿದವರ ಉಸಿರು ನಿಮಿಷಕ್ಕೆ 30ನ್ನು ಮೀರಿದೆಯೇ, ಒತ್ತಿ ಬಿಟ್ಟ ಉಗುರಿಗೆ ರಕ್ತ 2 ಸೆಕೆಂಡಿನೊಳಗೆ ಮರಳುತ್ತದೆಯೇ, ಹೇಳಿದ ಮಾತು ಕೇಳುತ್ತಾರೆಯೇ ಎಂದು ನೋಡಬೇಕು. ಇದನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸುವುದು ಸುಲಭ. ಮುಳಬಾಗಿಲು ರಸ್ತೆಯಲ್ಲಿ ಮಗುಚಿದ ಟೆಂಪೊದ ಸುತ್ತ ಹನ್ನೆರಡು ಮಂದಿ ನರಳುತ್ತಿರುವಾಗ, ಹೆಚ್ಚು ಕೂಗುವವರನ್ನು ಬಿಟ್ಟು ಸುಮ್ಮನೆ ಬಿದ್ದವರ ಬಳಿಗೆ ಮೊದಲು ಹೋಗುವುದನ್ನು ಕಲಿಸಬೇಕಾದರೆ ಆ ಕೂಗು ಕಿವಿಗೆ ಬೀಳಲೇಬೇಕು.

ಮೂರನೆಯ ಹೆಜ್ಜೆ: ನಮ್ಮ ಊರಿನ ಸನ್ನಿವೇಶ ಬರೆಯುವುದು

ಹೆಚ್ಚು ಸಮಯ ಹಿಡಿಯುವ ಕೆಲಸ ಇದು, ಮತ್ತು ಹಿಡಿಯಲೂಬೇಕು. ಸಿದ್ಧವಾಗಿ ಸಿಗುವ ತಂತ್ರಾಂಶಗಳಲ್ಲಿ ರೋಗಿಗಳು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಮನೆಗಳಲ್ಲಿ ಸೋಫಾ ಇರುತ್ತದೆ, ರಸ್ತೆಗಳು ಖಾಲಿ ಇರುತ್ತವೆ. ಅಂಥ ಸನ್ನಿವೇಶದಲ್ಲಿ ತೇರ್ಗಡೆಯಾದ ಹುಡುಗಿಗೆ ಶ್ರೀನಿವಾಸಪುರದ ಅಜ್ಜಿಯೊಬ್ಬರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಎದೆ ಬಿಗಿದಂತಾಗುತ್ತಿದೆ ಎಂದು ಹೇಳಿದ್ದು ಗ್ಯಾಸ್ಟ್ರಿಕ್ ಎಂದೇ ಕೇಳಿಸಬಹುದು. ಆದ್ದರಿಂದ ರೋಗಿಯ ಮಾತುಗಳನ್ನು ಆಯಾ ಊರಿನವರಿಂದಲೇ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ಕನ್ನಡವೂ ತೆಲುಗೂ ಬೇಕು.

ಹಣ ಕಡಿಮೆ ಇದ್ದರೆ 360 ಡಿಗ್ರಿ ಕ್ಯಾಮೆರಾದಿಂದ ಚಿತ್ರೀಕರಿಸಿದ ಸನ್ನಿವೇಶಗಳು ತರಬೇತಿಗೆ ಸಾಕಾಗುತ್ತವೆ. ಅದರಲ್ಲಿ ಕಲಿಯುವವರು ಸುತ್ತಲೂ ನೋಡಬಹುದು, ನಡುನಡುವೆ ಬರುವ ಆಯ್ಕೆಗಳನ್ನು ಆರಿಸಬಹುದು. ಪರೀಕ್ಷೆಗೆ ಮಾತ್ರ ಅದು ಸಾಲದು. ಅಭ್ಯರ್ಥಿ ಮಾಡಿದ ಕೆಲಸಕ್ಕೆ ತಕ್ಕಂತೆ ರೋಗಿಯ ಸ್ಥಿತಿ ಸುಧಾರಿಸುವ ಅಥವಾ ಹದಗೆಡುವ ಸನ್ನಿವೇಶವೇ ಬೇಕು.

ಒಂದು ಸನ್ನಿವೇಶವನ್ನು ಪೂರ್ತಿಯಾಗಿ ನೋಡೋಣ. ಕೋಲಾರ ತಾಲ್ಲೂಕಿನ ಟೊಮೆಟೊ ತೋಟ, ಮಧ್ಯಾಹ್ನ. ಬದುವಿನ ಮೇಲೆ ಬೆನ್ನಿಗೆ ಹಾಕುವ ಸ್ಪ್ರೇಯರ್ ಉರುಳಿದೆ. ಹೊಂಗೆ ಮರದ ನೆರಳಿನಲ್ಲಿ ನಲವತ್ತರ ಆಸುಪಾಸಿನ ಗಂಡಸು ಮಲಗಿದ್ದಾರೆ. ಬಾಯಲ್ಲಿ ಜೊಲ್ಲು, ಅಂಗಿಯೆಲ್ಲ ಒದ್ದೆ, ಉಸಿರಿನಲ್ಲಿ ಗೊರಗೊರ ಸದ್ದು. ಪಕ್ಕದಲ್ಲಿರುವ ಹೆಂಗಸು, “ಬೆಳಿಗ್ಗೆಯಿಂದ ಔಷ್ದಿ ಹೊಡೀತಿದ್ರು ಸಾರ್, ಕಣ್ಣು ಮಂಜಾಯ್ತು ಅಂತ ಕೂತ್ರು, ಹಂಗೇ ಬಿದ್ಬಿಟ್ರು” ಎನ್ನುತ್ತಾರೆ. ಅಭ್ಯರ್ಥಿ ಮೊದಲು ಗ್ಲೌಸ್ ಹಾಕಿಕೊಳ್ಳಬೇಕು, ಒದ್ದೆ ಅಂಗಿಯನ್ನು ತೆಗೆಸಿ ಮೈಯನ್ನು ಸೋಪು ನೀರಿನಿಂದ ತೊಳೆಸಬೇಕು, ಬಾಯಿ, ಗಂಟಲಿನ ದ್ರವವನ್ನು ಸಕ್ಷನ್‌ನಿಂದ ತೆಗೆದು ಆಮ್ಲಜನಕ ಕೊಡಬೇಕು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿರುವುದನ್ನೂ ನಾಡಿ ನಿಧಾನವಾಗಿರುವುದನ್ನೂ ಗುರುತಿಸಬೇಕು, ವಾಂತಿ ಮಾಡಿಸಬಾರದು, ಆರ್ಗನೊಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷದ ಶಂಕೆಯನ್ನು ವೈದ್ಯರಿಗೆ ತಿಳಿಸಿ, ಅದಕ್ಕೆ ಪ್ರತಿಮದ್ದಾದ ಅಟ್ರೊಪಿನ್ ಬಗ್ಗೆ ಸೂಚನೆ ಕೇಳಬೇಕು. ಬದುವಿನ ಮೇಲೆ ಬಿದ್ದಿರುವ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯುವುದನ್ನೂ ಮರೆಯಬಾರದು. ನಮ್ಮ ದೇಶದ ಕೀಟನಾಶಕದ ಡಬ್ಬಿಗಳ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಗುರುತಿರುತ್ತದೆ. ಆದ್ದರಿಂದ ಸನ್ನಿವೇಶದಲ್ಲಿ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿದರೆ ಆ ಗುರುತು ಸ್ಪಷ್ಟವಾಗಿ ಕಾಣಬೇಕು.

ಒಂದು ಕೊರತೆಯನ್ನು ಗಮನಿಸಿ. ನಿಜವಾದ ತೋಟದಲ್ಲಿ ಇಎಂಟಿಗೆ ಮೊದಲ ಸುಳಿವು ಕೊಡುವುದು ಔಷಧಿಯ ಘಾಟು ವಾಸನೆ. ಹೆಡ್‌ಸೆಟ್‌ನಲ್ಲಿ ವಾಸನೆ ಇಲ್ಲ. ಇದನ್ನು ಹೆಂಗಸಿನ ಮಾತಿನಿಂದಲೋ ಡಬ್ಬಿಯಿಂದಲೋ ತುಂಬಿಕೊಡದಿದ್ದರೆ, ಅಭ್ಯರ್ಥಿಗೆ ಸಿಗಬೇಕಾದ ಮಾಹಿತಿಯನ್ನು ನಾವೇ ಬಚ್ಚಿಟ್ಟು ಅಂಕ ಕಳೆದಂತಾಗುತ್ತದೆ. ಪ್ರತಿ ಸನ್ನಿವೇಶ ಬರೆದ ಮೇಲೂ ವಾಸನೆ, ಸ್ಪರ್ಶ, ಮೈ ಬಿಸಿ, ಚರ್ಮದ ತೇವ ಈ ನಾಲ್ಕರ ಸುಳಿವು ಎಲ್ಲಿಂದ ಸಿಗುತ್ತದೆ ಎಂದು ಪರಿಶೀಲಿಸಿ.

ಉಳಿದ ಸನ್ನಿವೇಶಗಳಿಗೂ ವಸ್ತು ಇಲ್ಲಿಯೇ ಇದೆ. ತುಮಕೂರಿನ ಗುಬ್ಬಿ, ತಿಪಟೂರಿನ ಕಡೆ ತೆಂಗಿನ ಮರದಿಂದ ಬಿದ್ದವರ ಬೆನ್ನುಹುರಿಯ ಗಾಯ. ಊರವರು ಅವರನ್ನು ಎತ್ತಿ ಕೂರಿಸಲು ಹೊರಟಾಗ ತಡೆಯುವುದೇ ಅಲ್ಲಿನ ಮೊದಲ ನಿರ್ಧಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸ್ಫೋಟದಲ್ಲಿ ಆರು ಮಂದಿ ತೀರಿಕೊಂಡರು. ಕಲ್ಲುಕ್ವಾರಿಗಳಿರುವ ಸೀಮೆಯಲ್ಲಿ, ಸಿಡಿಯದೆ ಉಳಿದ ಮದ್ದು ಇರಬಹುದಾದ ಜಾಗಕ್ಕೆ ಪೊಲೀಸರು ಹೇಳುವವರೆಗೆ ಕಾಲಿಡಬಾರದೆಂಬುದನ್ನು ಅಭ್ಯಾಸ ಮಾಡಿಸಲೇಬೇಕು. ಆ ದುರ್ಘಟನೆಯನ್ನೇ ಮರುಸೃಷ್ಟಿಸುವುದು ಮಾತ್ರ ಬೇಡ, ಅದರಲ್ಲಿ ಮನೆಯವರನ್ನು ಕಳೆದುಕೊಂಡವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ.

ಹಾವು ಕಡಿತವನ್ನು ಕರ್ನಾಟಕವು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಟ್ಟುಹಾವಿನ ಕಡಿತ ವಿಆರ್‌ಗೆ ಹೇಳಿ ಮಾಡಿಸಿದಂಥ ವಿಷಯ: ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ, ಕಡಿದ ಗುರುತು ಕಾಣದೆ ಇರಬಹುದು, ಸ್ವಲ್ಪ ಹೊತ್ತಿನಲ್ಲಿ ರೆಪ್ಪೆಗಳು ಜೋತುಬೀಳತೊಡಗುತ್ತವೆ. ನಿಧಾನವಾಗಿ ಇಳಿಯುವ ಆ ರೆಪ್ಪೆಯನ್ನು ಮ್ಯಾನಿಕಿನ್‌ನಲ್ಲಿ ತೋರಿಸುವುದು ಕಷ್ಟ, ಇಲ್ಲಿ ಅದು ಸಹಜವಾಗಿ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಕೋಣೆ ಮತ್ತು ಸಲಕರಣೆ

ಕಂಪ್ಯೂಟರ್ ಬೇಡದ, ತನ್ನಷ್ಟಕ್ಕೇ ಕೆಲಸ ಮಾಡುವ ಹೆಡ್‌ಸೆಟ್ ಸಾಕು. ಒಬ್ಬರಿಗೆ ಕನಿಷ್ಠ 2 ಮೀಟರ್ ಉದ್ದ, 2 ಮೀಟರ್ ಅಗಲದ ಖಾಲಿ ಜಾಗ ಬೇಕು, ಫ್ಯಾನ್ ತಗ್ಗಿನಲ್ಲಿ ಇರಬಾರದು. ಬೆಳಕು ಚೆನ್ನಾಗಿರಬೇಕು, ಆದರೆ ಬಿಸಿಲು ನೇರವಾಗಿ ಲೆನ್ಸ್ ಮೇಲೆ ಬಿದ್ದರೆ ಒಳಗಿನ ಪರದೆಯೇ ಸುಟ್ಟುಹೋಗುತ್ತದೆ. ಕಿಟಕಿಯ ಬಳಿ ಇಡಬೇಡಿ. ಬ್ಯಾಟರಿ ಸುಮಾರು ಎರಡು ಗಂಟೆ ಬರುತ್ತದೆಂದು ಲೆಕ್ಕ ಹಾಕಿ ಚಾರ್ಜಿಂಗ್‌ಗೆ ಯುಪಿಎಸ್ ಇಟ್ಟುಕೊಳ್ಳಿ. ಸನ್ನಿವೇಶಗಳನ್ನು ಸಾಧನದೊಳಗೇ ಇಳಿಸಿಕೊಂಡಿರಬೇಕು, ಪರೀಕ್ಷೆಯ ನಡುವೆ ಇಂಟರ್‌ನೆಟ್ ಕೈಕೊಟ್ಟರೆ ಯಾರೂ ಹೊಣೆ ಹೊರುವುದಿಲ್ಲ. ಪ್ರತಿಯೊಬ್ಬರ ನಂತರವೂ ಮುಖಕ್ಕೆ ತಾಗುವ ಸಿಲಿಕೋನ್ ಭಾಗವನ್ನು ಒರೆಸಿ. ಲೆನ್ಸ್‌ಗೆ ಮಾತ್ರ ಒಣ ಮೈಕ್ರೊಫೈಬರ್ ಬಟ್ಟೆ, ಸ್ಪಿರಿಟ್ ಬೇಡ. ಕನ್ನಡಕ ಹಾಕುವವರಿಗೆ ಸ್ಪೇಸರ್ ಜೋಡಿಸಿ. ತುರುಬು ಕಟ್ಟಿದವರಿಗೆ ಪಟ್ಟಿ ಮೇಲೆ ಜಾರಿ ಚಿತ್ರ ಮಸುಕಾಗುತ್ತದೆ, ಆದ್ದರಿಂದ ಜಡೆ ಹಾಕಿಕೊಂಡು ಬರಲು ಮುಂಚಿತವಾಗಿಯೇ ತಿಳಿಸಿ. ಹೆಡ್‌ಸೆಟ್ ಹಾಕಿದವರ ಪಕ್ಕದಲ್ಲಿ ಅವರು ಎಡವದಂತೆ ನೋಡಿಕೊಳ್ಳಲು ಒಬ್ಬರು ಸದಾ ನಿಂತಿರಬೇಕು.

ಐದನೆಯ ಹೆಜ್ಜೆ: ತರಬೇತಿಯ ಕ್ರಮ

ಮೊದಲ ಸಲ ಹಾಕಿಕೊಂಡಾಗ ರೋಗಿಯೇ ಇರಬಾರದು. ಖಾಲಿ ಕೋಣೆಯಲ್ಲಿ ವಸ್ತು ಎತ್ತುವುದು, ಇಡುವುದು, ಜಾಗ ಬದಲಿಸುವುದು, ಕಿಟ್ ತೆರೆಯುವುದು ಇಷ್ಟನ್ನೇ ಹದಿನೈದು ಇಪ್ಪತ್ತು ನಿಮಿಷ ಮಾಡಿಸಿ. ಮೊಬೈಲಿನಲ್ಲಿ ಆಟವಾಡಿ ಬೆಳೆದ ಹುಡುಗರಿಗೂ, ಮದುವೆಯಾಗಿ ಮಕ್ಕಳಾದ ಮೇಲೆ ಓದಲು ಬಂದ ಹೆಣ್ಣುಮಕ್ಕಳಿಗೂ ಇಲ್ಲಿ ದೊಡ್ಡ ಅಂತರವಿರುತ್ತದೆ. ಆ ಅಂತರ ಅಳಿಯುವವರೆಗೆ ಅಂಕದ ಮಾತೇ ಎತ್ತಬೇಡಿ.

ತಲೆಸುತ್ತು, ವಾಕರಿಕೆ ಬರುವುದು ಸಾಮಾನ್ಯ. ಕಣ್ಣು ಚಲನೆಯನ್ನು ನೋಡುತ್ತದೆ, ಒಳಗಿವಿ ನಿಂತಿದ್ದೇನೆ ಎನ್ನುತ್ತದೆ. ಎರಡಕ್ಕೂ ತಾಳ ತಪ್ಪಿದಾಗ ಹೊಟ್ಟೆ ತೊಳೆಸುತ್ತದೆ. ಇದೇ ಕಾರಣಕ್ಕೆ ಓಡುತ್ತಿರುವ ಆಂಬುಲೆನ್ಸ್‌ನ ಒಳಗಿನ ಸನ್ನಿವೇಶವನ್ನು ನಾನು ಶಿಫಾರಸು ಮಾಡುವುದಿಲ್ಲ, ನಿಲ್ಲಿಸಿದ ಗಾಡಿಯೇ ಸಾಕು. ಜಾಯ್‌ಸ್ಟಿಕ್‌ನಿಂದ ಜಾರುತ್ತಾ ಸಾಗುವುದಕ್ಕಿಂತ, ಗುರಿ ತೋರಿಸಿ ಅಲ್ಲಿಗೆ ನೇರವಾಗಿ ಹೋಗುವ ವಿಧಾನ ಹಿತ. ಸಿಮ್ಯುಲೇಟರ್‌ನಿಂದಾಗುವ ಅಸ್ವಸ್ಥತೆಯನ್ನು ಅಳೆಯಲು 16 ಲಕ್ಷಣಗಳ ಪ್ರಶ್ನಾವಳಿಯೊಂದು 1993ರಿಂದ ಬಳಕೆಯಲ್ಲಿದೆ. ಅದನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿಕೊಂಡು ಪ್ರತಿ ಅವಧಿಯ ಮುಂಚೆಯೂ ನಂತರವೂ ತುಂಬಿಸಿ. ಅಪಸ್ಮಾರ, ತೀವ್ರ ಮೈಗ್ರೇನ್, ಕಿವಿಯ ಸಮತೋಲನದ ತೊಂದರೆ ಇರುವವರಿಗೂ ಗರ್ಭಿಣಿಯರಿಗೂ ಅದೇ ಸನ್ನಿವೇಶವನ್ನು ಕಂಪ್ಯೂಟರ್ ಪರದೆಯ ಮೇಲೆ ಕೊಡಿ.

ಸನ್ನಿವೇಶ ಎಂಟು ಹತ್ತು ನಿಮಿಷಕ್ಕಿಂತ ಹೆಚ್ಚಾಗಬಾರದು. ಅದರ ನಂತರದ ಚರ್ಚೆಗೆ ಅದರ ಎರಡರಷ್ಟು ಸಮಯ ಮೀಸಲಿಡಿ. ಕಲಿಕೆ ನಡೆಯುವುದು ಬಹುಪಾಲು ಆ ಚರ್ಚೆಯಲ್ಲಿಯೇ. ಏನು ತಪ್ಪಾಯಿತು ಎಂದು ಶುರುಮಾಡದೆ, “ಆ ಹೊತ್ತಿನಲ್ಲಿ ನಿಮಗೆ ಏನು ಕಂಡಿತು, ಏಕೆ ಹಾಗೆ ಮಾಡಿದಿರಿ?” ಎಂದು ಕೇಳಿ. ಉತ್ತರದಲ್ಲಿ ಅವರ ಯೋಚನೆ ಎಲ್ಲಿ ದಾರಿ ತಪ್ಪಿತೆಂದು ತಾನಾಗಿಯೇ ಹೊರಬರುತ್ತದೆ.

ಆರನೆಯ ಹೆಜ್ಜೆ: ಅಂಕ ಮತ್ತು ತೇರ್ಗಡೆಯ ಗೆರೆ

ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಪ್ರಕಟಿಸಿದ ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷಾ ಪದ್ಧತಿಯಲ್ಲಿ ಅಭ್ಯರ್ಥಿಗಳು ಒಂದಾದ ಮೇಲೊಂದರಂತೆ ಹಲವು ನಿಲ್ದಾಣಗಳನ್ನು ದಾಟುತ್ತಾರೆ, ಎಲ್ಲರಿಗೂ ಅದೇ ರೋಗಿ, ಅದೇ ಸಮಯ, ಅದೇ ಅಂಕಪಟ್ಟಿ. ವಿಆರ್ ಪರೀಕ್ಷೆಯನ್ನು ಅದರೊಳಗೆ ಒಂದೆರಡು ನಿಲ್ದಾಣಗಳಾಗಿ ಸೇರಿಸುವುದೇ ಸರಿಯಾದ ದಾರಿ. ಮ್ಯಾನಿಕಿನ್‌ನ ನಿಲ್ದಾಣಗಳು ಪಕ್ಕದಲ್ಲೇ ಇರಲಿ. ಎರಡೂ ಕಡೆ ಬೇರೆ ಬೇರೆಯಾಗಿ ತೇರ್ಗಡೆಯಾಗಬೇಕೆಂಬ ನಿಯಮವಿರಲಿ. ಟೊಮೆಟೊ ತೋಟದಲ್ಲಿ ಚೆನ್ನಾಗಿ ಯೋಚಿಸಿದ್ದು ಮ್ಯಾನಿಕಿನ್ ಮೇಲಿನ ದುರ್ಬಲ ಸಿಪಿಆರ್‌ಗೆ ಸರಿದೂಗಬಾರದು.

ತಂತ್ರಾಂಶ ಎಲ್ಲವನ್ನೂ ದಾಖಲಿಸುತ್ತದೆ: ಯಾವ ಕ್ಷಣದಲ್ಲಿ ಗ್ಲೌಸ್ ಹಾಕಿದರು, ಎಷ್ಟು ಸೆಕೆಂಡಿಗೆ ಆಮ್ಲಜನಕ ಕೊಟ್ಟರು, ಎತ್ತ ನೋಡಿದರು. ಇದರಿಂದ ಬರುವ ಆಕರ್ಷಣೆಗೆ ಬೀಳಬೇಡಿ. ಮಾನಿಟರ್ ಕಡೆ ತಲೆ ತಿರುಗಿಸಿದ್ದಕ್ಕೆಲ್ಲ ಅಂಕ ಕೊಟ್ಟರೆ ತಲೆ ತಿರುಗಿಸುವುದನ್ನೇ ಕಲಿತು ಬರುತ್ತಾರೆ. ಮಾಡಿದ್ದು, ಬಿಟ್ಟದ್ದು, ಸಮಯ ಇಷ್ಟನ್ನು ಯಂತ್ರ ಲೆಕ್ಕ ಹಾಕಲಿ. ಆದ್ಯತೆ, ರೋಗಿಯೊಂದಿಗಿನ ಮಾತು, ವೈದ್ಯರಿಗೆ ಕೊಟ್ಟ ವರದಿ ಇವುಗಳನ್ನು ಇಬ್ಬರು ಪರೀಕ್ಷಕರು ಹೊರಗಿನ ಪರದೆಯಲ್ಲಿ ನೋಡುತ್ತಾ, ಒಬ್ಬರನ್ನೊಬ್ಬರು ಕೇಳದೆ ಅಂಕ ಹಾಕಲಿ. ಇಬ್ಬರ ಅಂಕಗಳು ಪದೇ ಪದೇ ಬೇರೆಯಾದರೆ ತಪ್ಪು ಅಂಕಪಟ್ಟಿಯ ಭಾಷೆಯಲ್ಲಿದೆ. “ಉಸಿರಾಟ ಸರಿಯಾಗಿ ನೋಡಿದರು” ಎಂದು ಬರೆಯುವ ಬದಲು “ಉಸಿರಿನ ಎಣಿಕೆ ತೆಗೆದು ಬಾಯಿಬಿಟ್ಟು ಹೇಳಿದರು” ಎಂದು ಬರೆಯಿರಿ. ರೋಗಿಯ ಅಥವಾ ತಮ್ಮ ಜೀವಕ್ಕೆ ನೇರ ಅಪಾಯ ತರುವ ಎರಡು ಮೂರು ತಪ್ಪುಗಳನ್ನು ಮಾತ್ರ, ಉಳಿದ ಅಂಕ ಎಷ್ಟಿದ್ದರೂ ಅನುತ್ತೀರ್ಣ ಎಂಬ ಗುಂಪಿನಲ್ಲಿಡಿ.

ತೇರ್ಗಡೆಗೆ ಎಷ್ಟು ಅಂಕ ಎಂಬುದನ್ನು ಶೇಕಡಾ 50 ಎಂದು ಕಣ್ಣುಮುಚ್ಚಿ ಇಡುವುದು ನಮ್ಮಲ್ಲಿ ರೂಢಿ. ವಿಲಿಯಂ ಆಂಗಾಫ್ 1971ರಲ್ಲಿ ವಿವರಿಸಿದ ವಿಧಾನ ಇದಕ್ಕಿಂತ ನ್ಯಾಯವಾದದ್ದು. ಅನುಭವಿ ಇಎಂಟಿಗಳು, ತುರ್ತು ವಿಭಾಗದ ವೈದ್ಯರು, ಶುಶ್ರೂಷಕರು ಒಟ್ಟಿಗೆ ಕೂತು ಅಂಕಪಟ್ಟಿಯ ಒಂದೊಂದು ಅಂಶಕ್ಕೂ ಕೇಳಿಕೊಳ್ಳಬೇಕು: ಕೆಲಸಕ್ಕೆ ಬೇಕಾದ ಅರ್ಹತೆಯ ಅಂಚಿನಲ್ಲಿರುವಂಥ ನೂರು ಮಂದಿಯಲ್ಲಿ ಎಷ್ಟು ಮಂದಿ ಇದನ್ನು ಮಾಡುತ್ತಾರೆ? ಎಲ್ಲರ ಅಂದಾಜಿನ ಸರಾಸರಿಯನ್ನು ಕೂಡಿದರೆ ಸಿಗುವುದೇ ತೇರ್ಗಡೆಯ ಗೆರೆ.

ಪರೀಕ್ಷೆಗೆ ಬಳಸುವ ಮುನ್ನ ಸನ್ನಿವೇಶವನ್ನೂ ಪರೀಕ್ಷೆಗೆ ಒಡ್ಡಬೇಕು. ವರ್ಷಗಟ್ಟಲೆ ಆಂಬುಲೆನ್ಸ್‌ನಲ್ಲಿ ದುಡಿದವರನ್ನೂ ಮೊದಲ ವರ್ಷದ ವಿದ್ಯಾರ್ಥಿಗಳನ್ನೂ, ಇಬ್ಬರಿಗೂ ಸಾಧನದ ಪರಿಚಯ ಮಾಡಿಸಿದ ಮೇಲೆ ಅದರಲ್ಲಿ ಕೂರಿಸಿ. ಅನುಭವಿಗಳಿಗೆ ಸ್ಪಷ್ಟವಾಗಿ ಹೆಚ್ಚು ಅಂಕ ಬರದಿದ್ದರೆ ಆ ಸನ್ನಿವೇಶ ಅಳೆಯುತ್ತಿರುವುದು ಆಟದ ಚುರುಕನ್ನೇ ಹೊರತು ವೃತ್ತಿಯ ವಿವೇಚನೆಯನ್ನಲ್ಲ. ಎಷ್ಟೇ ಖರ್ಚು ಮಾಡಿ ತಯಾರಿಸಿದ್ದರೂ ಅದನ್ನು ತರಬೇತಿಗೆ ಉಳಿಸಿಕೊಂಡು ಪರೀಕ್ಷೆಯಿಂದ ತೆಗೆದುಹಾಕಿ.

ಏಳನೆಯ ಹೆಜ್ಜೆ: ಪರೀಕ್ಷೆಯ ದಿನ ಮತ್ತು ಅನಂತರ

ಪ್ರತಿ ಅಭ್ಯರ್ಥಿಗೂ ಅಂಕವಿಲ್ಲದ ಐದು ನಿಮಿಷದ ಅಭ್ಯಾಸ ಕೊಟ್ಟೇ ನಿಲ್ದಾಣಕ್ಕೆ ಕಳುಹಿಸಿ. ಸಾಧನ ಕೆಟ್ಟರೆ ಏನು ಮಾಡುತ್ತೀರೆಂಬುದನ್ನು ಲಿಖಿತವಾಗಿ ಮೊದಲೇ ತಿಳಿಸಿರಬೇಕು: ಕೆಟ್ಟ ಕ್ಷಣದವರೆಗಿನ ಅಂಕಗಳನ್ನು ರದ್ದು ಮಾಡಿ, ಅಷ್ಟೇ ಕಷ್ಟದ ಬೇರೊಂದು ಸನ್ನಿವೇಶವನ್ನು ಅದೇ ದಿನ ಕೊಡುವುದು ಸರಿಯಾದ ಕ್ರಮ. ವಾಕರಿಕೆಯಿಂದ ನಿಲ್ಲಿಸಿದವರನ್ನು ಅನುತ್ತೀರ್ಣ ಎಂದು ಬರೆಯಬೇಡಿ. ಅವರಿಗೆ ಪರದೆಯ ಮೇಲಿನ ಆವೃತ್ತಿ ಕೊಡಿ. ಪರೀಕ್ಷೆ ಮುಗಿಸಿದವರು ಕಾಯುತ್ತಿರುವವರೊಂದಿಗೆ ಬೆರೆಯದಂತೆ ಬೇರೆ ಬಾಗಿಲಿನಿಂದ ಹೊರಗೆ ಕಳುಹಿಸಿ. ಕೊನೆಯ ಅಭ್ಯರ್ಥಿಗೂ ಮೊದಲನೆಯವರಿಗೂ ಅದೇ ಸನ್ನಿವೇಶ ಅಷ್ಟೇ ಹೊಸದಾಗಿರಬೇಕು. ಹೆಡ್‌ಸೆಟ್ ತೆಗೆದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿ, ನಂತರವೇ ಬೈಕ್ ಮುಟ್ಟಲು ಬಿಡಿ.

ಧ್ವನಿ, ನೋಟ, ಚಲನೆಯ ದಾಖಲೆಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಏನನ್ನು, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರೆಂದು ಕನ್ನಡದಲ್ಲಿ ಬರೆದು ಒಪ್ಪಿಗೆಯ ಸಹಿ ಪಡೆಯಿರಿ. ಫಲಿತಾಂಶ ಪ್ರಶ್ನಿಸುವ ಅವಧಿ ಮುಗಿಯುವವರೆಗೆ ಪೂರ್ತಿ ದಾಖಲೆ ಇರಲಿ. ಯಾರಾದರೂ ಮರುಪರಿಶೀಲನೆ ಕೇಳಿದರೆ ಅದನ್ನು ಅವರ ಎದುರಿನಲ್ಲೇ ತೆರೆದು, ಮೊದಲು ಅಂಕ ಹಾಕದಿದ್ದ ಮೂರನೆಯ ಪರೀಕ್ಷಕರಿಂದ ನೋಡಿಸಿ. ಅವಧಿ ಮುಗಿದ ಮೇಲೆ ಹೆಸರುಗಳನ್ನು ಅಳಿಸಿ ಅಂಕಗಳನ್ನಷ್ಟೇ ಉಳಿಸಿಕೊಳ್ಳಿ. ಯಾವ ಅಂಶದಲ್ಲಿ ಬಹುತೇಕ ಎಲ್ಲರೂ ಎಡವಿದ್ದಾರೆಂದು ಆ ಅಂಕಗಳಿಂದ ಗೊತ್ತಾಗುತ್ತದೆ. ಆ ಅಂಶವನ್ನು ತರಗತಿಯಲ್ಲಿ ಕಲಿಸಿಯೇ ಇರಲಿಲ್ಲವೋ, ಅಥವಾ ಸನ್ನಿವೇಶದಲ್ಲಿ ಅದು ಕಣ್ಣಿಗೆ ಕಾಣುವಂತಿರಲಿಲ್ಲವೋ ಎಂಬುದನ್ನು ಮುಂದಿನ ತಂಡ ಸೇರುವ ಮೊದಲು ಬೋಧಕರ ಸಭೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ.